ಚಕ್ರದ ಹಿಂದೆ ನೇತಾಡುವ ರಬ್ಬರು

ಕತ್ತಲೆಕಾಡಿನಿಂದ ಚೆಟ್ಟಳ್ಳಿಗೆ ಇಳಿಯುವ ರಸ್ತೆಯಲ್ಲಿ ಮಳೆ ಹಿಡಿದ ಮೇಲೆ ಬಿಳಿ ಕಾರು ಕಾಣುವುದು ಅಪರೂಪ. ಬಾಗಿಲ ನಡುವಿನಿಂದ ಕೆಳಗೆ ಎಲ್ಲ ಕಾರುಗಳದ್ದೂ ಒಂದೇ ಬಣ್ಣ, ತೋಟದ ಕೆಂಪುಮಣ್ಣಿನ ಬಣ್ಣ. ಎರಡೂ ಬದಿಯ ಕಾಫಿ ತೋಟಗಳಿಂದ ಇಳಿದ ನೀರು ಚರಂಡಿ ತುಂಬಿ ಡಾಂಬರಿನ ಮೇಲೆ ಹತ್ತುತ್ತದೆ. ಬರೆ ಜರಿದ ಕಡೆ ಮಣ್ಣು ರಸ್ತೆಯಂಚಿನಲ್ಲೇ ಉಳಿದು, ಬಂದ ಪ್ರತಿ ಚಕ್ರಕ್ಕೂ ಅಂಟಿಕೊಳ್ಳುತ್ತದೆ. ವರ್ಷಕ್ಕೆ ಸರಾಸರಿ 3000 ಮಿಲಿಮೀಟರ್ ದಾಟುವ ಮಡಿಕೇರಿಯಷ್ಟು ಮಳೆ ಇಲ್ಲಿಲ್ಲ, ನಿಜ. ಆದರೆ ಮಳೆ ಜೋರಾದ ಕಕ್ಕಡ ಮಾಸದ ದಿನಗಳಲ್ಲಿ ಕಾರಿನ ತಳ ಒಣಗುವುದೆಂಬುದೇ ಇಲ್ಲ. ಇಂಥ ಊರಿನಲ್ಲಿ ಕಾರು ಕೊಂಡವರು ಬೇರೆ ಏನನ್ನು ಬಿಟ್ಟರೂ ಮಡ್‌ಫ್ಲಾಪ್ ಹಾಕಿಸುತ್ತಾರೆ. ಹಾಕಿಸುವುದು ಸರಿ. ಆದರೆ ಆರಿಸುವ ಬಗೆ, ಕೂರಿಸುವ ಬಗೆ, ಆಮೇಲೆ ಅದನ್ನು ಮರೆಯುವ ಬಗೆ ಮೂರೂ ಬಹುಮಟ್ಟಿಗೆ ತಪ್ಪು ಎಂಬುದು ನನ್ನ ತಕರಾರು.

ಚಕ್ರ ಕೆಸರನ್ನು ಹಿಂದಕ್ಕೆ ಎಸೆಯುತ್ತದೆ ಎಂದುಕೊಂಡಿದ್ದೇವೆ. ರಸ್ತೆಬದಿಯಲ್ಲಿ ನಿಂತು ನೋಡಿದರೆ ನಡೆಯುವುದು ಬೇರೆ. ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದಾಗ ನೆಲಕ್ಕೆ ತಾಗಿದ ಟೈರಿನ ಭಾಗ ಆ ಕ್ಷಣಕ್ಕೆ ನಿಂತೇ ಇರುತ್ತದೆ, ಅದೇ ಟೈರಿನ ನೆತ್ತಿ 100 ಕಿಲೋಮೀಟರ್ ವೇಗದಲ್ಲಿ ಮುಂದೆ ಓಡುತ್ತಿರುತ್ತದೆ. ಹಾಗಾಗಿ ನೆಲ ಬಿಟ್ಟ ಕೂಡಲೇ ಟೈರಿನಿಂದ ಕಳಚುವ ನೀರು, ಕಲ್ಲು, ಮಣ್ಣು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೇಳುತ್ತವೆ. ಹಾಗೆ ಎದ್ದದ್ದಕ್ಕೆ ಕಾರೇ ಬಂದು ಬಡಿಯುತ್ತದೆ: ಮುಂದಿನ ಚಕ್ರ ಎಬ್ಬಿಸಿದ್ದು ಬಾಗಿಲಿನ ಕೆಳಪಟ್ಟಿಗೆ, ಹಿಂದಿನ ಚಕ್ರದ್ದು ಬಂಪರಿಗೆ. ಮಿಕ್ಕಿದ್ದು ಇನ್ನೂ ಗಾಳಿಯಲ್ಲಿರುವಾಗಲೇ ಹಿಂದಿನಿಂದ ಬರುವ ಸ್ಕೂಟರ್ ಸವಾರ ಅದರೊಳಕ್ಕೆ ನುಗ್ಗುತ್ತಾನೆ. ಅವನ ಹೆಲ್ಮೆಟ್ಟಿನ ಗಾಜು ಮಬ್ಬಾಗುವುದು ಹೀಗೆ. ಇಷ್ಟು ತಿಳಿದರೆ ಒಳ್ಳೆಯ ಮಡ್‌ಫ್ಲಾಪ್ ಹೇಗಿರಬೇಕೆಂದು ತಾನಾಗಿ ಹೊಳೆಯುತ್ತದೆ. ನೀರು ಮೇಲೇಳುವ ಮೊದಲೇ ತಡೆಯಲು ಅದು ನೆಲಕ್ಕೆ ಹತ್ತಿರ ಇರಬೇಕು. ಟೈರಿಗಿಂತ ಎರಡು ಬೆರಳು ಅಗಲ ಹೆಚ್ಚಿರಬೇಕು. ಅಷ್ಟು ಕೆಳಗೆ ಇಳಿದ ಮೇಲೆ ಕಲ್ಲಿಗೆ, ದಿಣ್ಣೆಗೆ ತಾಗದೆ ಇರದು, ಆದ್ದರಿಂದ ಬಾಗಬೇಕು.

ಅಂಗಡಿಯಲ್ಲಿ ಸಿಗುವುದನ್ನು ಈ ಲೆಕ್ಕಕ್ಕೆ ಹಿಡಿದು ನೋಡೋಣ. ಕಾರಿನ ಕಂಪನಿಯೇ ಮಾರುವ, ಆಯಾ ಮಾಡೆಲ್‌ಗೆಂದೇ ಅಚ್ಚು ಹಾಕಿದ ಫ್ಲಾಪ್ ನೋಡಲು ಚೆಂದ, ಮೈಯ ತಿರುವಿಗೆ ಸರಿಯಾಗಿ ಕೂರುತ್ತದೆ. ಅದಕ್ಕಿಂತ ದೊಡ್ಡ ಗುಣವೆಂದರೆ ಹೆಚ್ಚಿನ ಕಾರುಗಳಲ್ಲಿ ಮೊದಲೇ ಇರುವ ತೂತುಗಳಿಗೇ ಹೊಂದುತ್ತದೆ, ತಗಡು ಕೊರೆಯಬೇಕಿಲ್ಲ. ಅದರ ದೋಷ ಗಿಡ್ಡತನ. ನಮ್ಮ ಸಣ್ಣ ಕಾರುಗಳ ಹೊಟ್ಟೆ ನೆಲದಿಂದ ಸುಮಾರು 160–170 ಮಿಲಿಮೀಟರ್ ಮೇಲಿರುತ್ತದೆ, ಈ ಫ್ಲಾಪ್ ಅದಕ್ಕಿಂತ ಸ್ವಲ್ಪ ಕೆಳಗೆ ಬಂದು ನಿಂತುಬಿಡುತ್ತದೆ. ಬಾಗಿಲಿಗೆ ಕಲ್ಲು ಸಿಡಿಯುವುದು ಕಡಿಮೆಯಾಗುತ್ತದೆ, ಹಿಂದೆ ಬರುವವರಿಗೆ ಬಹಳ ಉಪಕಾರವಾಗದು. ಎಲ್ಲ ಕಾರಿಗೂ ಆಗುತ್ತದೆಂದು ಹೇಳಿ ಮಾರುವ ಗಟ್ಟಿ ಪ್ಲಾಸ್ಟಿಕ್ಕಿನದನ್ನು ಯಾರೂ ಕೊಳ್ಳಬೇಡಿ. ಯಾವ ಕಾರಿಗೂ ಅದು ಸರಿಹೊಂದುವುದಿಲ್ಲ. ತೋಟದ ದಾರಿಯ ಗಾಲಿಗುಂಡಿಯಿಂದ ರಿವರ್ಸ್ ತೆಗೆದರೆ ದಿಣ್ಣೆಗೆ ಸಿಕ್ಕಿ ಸೀಳುತ್ತದೆ, ಇಲ್ಲವೇ ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಅದರ ಅಂಚು ಬಣ್ಣವನ್ನು ಉಜ್ಜುತ್ತಲೇ ಇರುತ್ತದೆ.

ನನ್ನ ಮತ ಬೀಳುವುದು ಸಾದಾ ರಬ್ಬರಿಗೆ. ನಾಲ್ಕೈದು ಮಿಲಿಮೀಟರ್ ದಪ್ಪದ ರಬ್ಬರ್ ಹಾಳೆ, ನೆಲದಿಂದ ಆರೇಳು ಬೆರಳಿನ ಎತ್ತರಕ್ಕೆ ಕತ್ತರಿಸಿದ್ದು. ತೋಟದ ಜೀಪುಗಳ ಹಿಂದೆ ನೇತಾಡುವುದು ಇದೇ, ಎಷ್ಟೋ ಸಲ ಲಾರಿಯದನ್ನು ಕುಯ್ದು ಮಾಡಿದ್ದು. ಹಳೆಯ ಸೈಕಲ್ಲಿನ ಮಡ್‌ಗಾರ್ಡಿನ ತುದಿಗೆ ಇರುತ್ತಿದ್ದ ರಬ್ಬರ್ ತುಂಡೂ ಇದೇ ಜಾತಿಯದು. ಕಾಫಿ ನಾಡಿನ ತೋಟದ ದಾರಿಗಳಲ್ಲಿ ಓಡುವ ರ್‍ಯಾಲಿ ಕಾರುಗಳನ್ನು ನೋಡಿದವರಿಗೆ ಗೊತ್ತು: ಅವುಗಳ ಫ್ಲಾಪ್ ಅಗಲ, ಉದ್ದ, ಬಾಗುವಂಥದ್ದು. ನಮ್ಮ ಹುಡುಗರು ಅದರ ಕೆಂಪು, ನೀಲಿ ಬಣ್ಣವನ್ನಷ್ಟೇ ತಂದು ಅಂಟಿಸಿಕೊಳ್ಳುತ್ತಾರೆ, ಅಳತೆಯನ್ನು ತರುವುದಿಲ್ಲ. ತೆಳ್ಳನೆಯ ರಬ್ಬರ್ ಹಾಕಿದರೆ ವೇಗದಲ್ಲಿ ಗಾಳಿಗೆ ಹಾರಿ ನಿಷ್ಪ್ರಯೋಜಕವಾಗುತ್ತದೆ ಎಂಬುದನ್ನೂ ಹೇಳಬೇಕು.

ಇನ್ನು ಕೂರಿಸುವ ಕೆಲಸ. ಇಲ್ಲಿಯೇ ನನಗೆ ಹೆಚ್ಚು ಸಿಟ್ಟು. ಅಂಗಡಿಯ ಮುಂದೆ ಕಾರು ನಿಲ್ಲಿಸಿದರೆ ಹುಡುಗನೊಬ್ಬ ಸ್ಟಿಯರಿಂಗ್ ತಿರುಗಿಸಿ, ಕೆಸರು ಒರೆಸದೆ, ಮೆತ್ತಿದ ಮಣ್ಣಿನ ಮೇಲೆಯೇ ಫ್ಲಾಪ್ ಒತ್ತಿ ಹಿಡಿದು, ಡ್ರಿಲ್ಲಿನಿಂದ ಫೆಂಡರಿನ ಅಂಚಿಗೆ ಎರಡು ತೂತು ಹಾಕಿ ಸ್ಕ್ರೂ ತಿರುಗಿಸಿಬಿಡುತ್ತಾನೆ. ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಆ ಎರಡು ತೂತುಗಳಲ್ಲಿ ಬಣ್ಣ, ಅದರಡಿಯ ಪ್ರೈಮರ್, ಅದರಡಿಯ ಸತುವಿನ ಲೇಪ ಎಲ್ಲ ಹೋಗಿ ಬರೀ ಉಕ್ಕು ಹೊರಗೆ ಬಂದಿರುತ್ತದೆ. ಫ್ಲಾಪಿನ ಹಿಂದೆ ಹಿಡಿದಿಟ್ಟ ಒದ್ದೆ ಮಣ್ಣು ನಾಲ್ಕು ತಿಂಗಳು ಅದನ್ನು ಒಣಗಗೊಡುವುದಿಲ್ಲ. ಕಡಲ ಉಪ್ಪು ನಮ್ಮಲ್ಲಿ ಇಲ್ಲ, ಆದರೆ ತುಕ್ಕಿಗೆ ಇಷ್ಟೇ ಸಾಕು. ಕಾರನ್ನು ಕಾಯಲೆಂದು ಹಾಕಿಸಿದ್ದೇ ಕಾರನ್ನು ತಿನ್ನುವ ಜಾಗವಾಗುತ್ತದೆ.

ಸರಿಯಾಗಿ ಮಾಡುವುದಕ್ಕೆ ಅರ್ಧ ದಿನ ಹೋದರೂ ನಷ್ಟವಿಲ್ಲ. ಮೊದಲು ಚಕ್ರದ ಗೂಡನ್ನು ತೊಳೆದು ಒಣಗಿಸಬೇಕು. ಮುಂದಿನದಕ್ಕೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಕೈಯಾಡಲು ಜಾಗ ಸಿಗುತ್ತದೆ, ಹಿಂದಿನದಕ್ಕೆ ಚಕ್ರ ಬಿಚ್ಚುವುದೇ ಒಳ್ಳೆಯದು. ಗೂಡಿನೊಳಗೆ ಕಂಪನಿ ಹಾಕಿದ ಪ್ಲಾಸ್ಟಿಕ್ ಲೈನರ್ ಇರುತ್ತದೆ. ಅದರ ಸ್ಕ್ರೂ, ಕ್ಲಿಪ್ಪುಗಳ ಜಾಗಗಳನ್ನೇ ಬಳಸಿ ರಬ್ಬರನ್ನು ಕಟ್ಟಿದರೆ ತಗಡಿನ ಸುದ್ದಿಗೆ ಹೋಗಬೇಕಾಗಿಲ್ಲ. ಕೊರೆಯದೆ ಗತಿಯಿಲ್ಲ ಎಂದಾದರೆ ತೂತಿನ ಅಂಚಿಗೆ ಪ್ರೈಮರ್, ಅದರ ಮೇಲೆ ಬಣ್ಣ ಹಚ್ಚಿ, ಒಣಗಿದ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂವನ್ನೇ ಅಗಲ ವಾಷರಿನೊಡನೆ ಹಾಕಿಸಬೇಕು. ಹಿಂದಿನ ಗೂಡಿನಲ್ಲಿ ಡ್ರಿಲ್ ಹಿಡಿಯುವ ಮೊದಲು ಒಳಗೇನಿದೆ ಎಂದು ಲೈನರ್ ತೆಗೆದು ನೋಡಲೇಬೇಕು, ಪೆಟ್ರೋಲ್ ತುಂಬುವ ಕೊಳವೆ ಆ ಮಗ್ಗುಲಲ್ಲೇ ಇಳಿದಿರಬಹುದು. ಎಲ್ಲ ಆದ ಮೇಲೆ ಎರಡೂ ಕಡೆಗೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಹಿಂದಿನ ಸೀಟಿನಲ್ಲಿ ಜನರನ್ನು ಕೂರಿಸಿ, ಟೈರು ಎಲ್ಲಿಯೂ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ರಬ್ಬರಿಗೂ ಮೈಗೂ ನಡುವೆ ಕೆಳಗಡೆ ನೀರು ಇಳಿಯುವಷ್ಟು ಸಂದು ಬಿಟ್ಟಿರಲಿ.

ನಿರ್ವಹಣೆ ಎಂದರೆ ನಮ್ಮಲ್ಲಿ ಹೊರಮೈಗೆ ನೀರು ಹೊಡೆಯುವುದು ಎಂದಾಗಿದೆ. ಪೈಪನ್ನು ಚಕ್ರದ ಗೂಡಿನೊಳಗೆ, ಫ್ಲಾಪಿನ ಹಿಂಬದಿಗೆ ತಿರುಗಿಸಬೇಕು. ಅಲ್ಲಿ ಸಿಲ್ವರ್ ಓಕಿನ ಎಲೆ, ಕಾಫಿ ಎಲೆ, ಮಣ್ಣು ಬೆರೆತು ಗೊಬ್ಬರದ ಮುದ್ದೆ ಕೂತಿರುತ್ತದೆ. ಕಡ್ಡಿಯಿಂದ ಕೆದಕಿ ತೆಗೆಯಬೇಕು. ವರ್ಷಕ್ಕೊಮ್ಮೆ ಬಿಚ್ಚಿ ನೋಡಲು ಆಯುಧಪೂಜೆಗಿಂತ ಒಳ್ಳೆಯ ಸಮಯವಿಲ್ಲ: ಹೇಗೂ ಗಾಡಿ ತೊಳೆಯುತ್ತೇವೆ, ಮಳೆಯ ಜೋರೂ ಇಳಿದಿರುತ್ತದೆ. ಹೂಮಾಲೆ ಹಾಕುವ ಮೊದಲು ನಾಲ್ಕು ಫ್ಲಾಪ್ ಬಿಚ್ಚಿ, ತಗಡು ಒರೆಸಿ, ಬಣ್ಣ ಹೋದ ಕಡೆ ಹಚ್ಚಿ ಮತ್ತೆ ಕಟ್ಟಬಹುದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೆಸರಿನ ಬದಲು ಧೂಳು. ಸಂದಿಗೆ ಸೇರಿದ ನುಣ್ಣನೆಯ ಮರಳು ಫ್ಲಾಪ್ ಅಲುಗಿದಂತೆಲ್ಲ ಬಣ್ಣ ತೇಯುತ್ತದೆ. ಸ್ಕ್ರೂ ಸಡಿಲವಾಗಿದೆಯೇ ಎಂದು ಆಗಲೂ ನೋಡಬೇಕು.

ಇಷ್ಟೆಲ್ಲ ಮಾಡಿದರೂ ಮಡ್‌ಫ್ಲಾಪಿನಿಂದ ಆಗದ ಕೆಲಸವೊಂದಿದೆ. ನೀರು ನಿಂತ ಗುಂಡಿಗೆ ಚಕ್ರ ಇಳಿದಾಗ ನೀರು ಟೈರಿಗೆ ಅಂಟಿ ಏಳುವುದಿಲ್ಲ, ಟೈರಿನ ಎರಡೂ ಮಗ್ಗುಲಿಗೆ ಒತ್ತಿ ಚಿಮ್ಮುತ್ತದೆ. ಹಿಂದೆ ನೇತಾಡುವ ಯಾವ ರಬ್ಬರೂ ಅದನ್ನು ತಡೆಯಲಾರದು. ಚೆಟ್ಟಳ್ಳಿಯಿಂದ ಸಿದ್ದಾಪುರದ ಕಡೆಗೆ, ಅಭ್ಯತ್‌ಮಂಗಲದವರೆಗೂ, ರಸ್ತೆಬದಿಯಲ್ಲಿ ನಡೆಯಲು ಬೇರೆ ದಾರಿಯಿಲ್ಲ. ಲೈನ್‌ಮನೆಗಳಿಂದ ಕೆಲಸಕ್ಕೆ ಹೊರಟ ಹೆಂಗಸರು ಪ್ಲಾಸ್ಟಿಕ್ ಹೊದ್ದು ಆ ಅಂಚಿನಲ್ಲೇ ನಡೆಯುತ್ತಾರೆ, ಯೂನಿಫಾರ್ಮ್ ತೊಟ್ಟ ಮಕ್ಕಳು ಅಲ್ಲೇ ಬಸ್ಸಿಗೆ ಕಾಯುತ್ತಾರೆ. ಬೆಳಗಿನ ಎಂಟು ಗಂಟೆಗೆ ಬಟ್ಟೆ ಒದ್ದೆಯಾದರೆ ಸಂಜೆಯವರೆಗೂ ಆ ಒದ್ದೆಯಲ್ಲೇ ಇರಬೇಕಾದವರು ಅವರು. ಕಾರಿನ ಬಣ್ಣಕ್ಕೆ ಬಿದ್ದ ಗೀರನ್ನು ಮೈಸೂರಿನಲ್ಲೋ ಕುಶಾಲನಗರದಲ್ಲೋ ಸರಿಮಾಡಿಸಬಹುದು.

ಆದ್ದರಿಂದ ಈ ಮಳೆಗಾಲಕ್ಕೆ ಮುಂಚೆ ಫ್ಲಾಪ್ ಹಾಕಿಸುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಉದ್ದ, ಅಗಲ, ಮೆತ್ತಗಿನ ರಬ್ಬರನ್ನೇ ಕೇಳಿ. ತಗಡಿಗೆ ಡ್ರಿಲ್ ಇಡಗೊಡಬೇಡಿ. ಗುಂಡಿಯ ಬಳಿ ಯಾರಾದರೂ ನಡೆಯುತ್ತಿರುವುದು ಕಂಡರೆ ಎರಡನೇ ಗೇರಿಗೆ ಇಳಿಸಿ, ನಿಧಾನವಾಗಿ ದಾಟಿ ಹೋಗಿ.