ಹುರಿಯಿಲ್ಲದ ಹಗ್ಗ: ಶೀಲಾ ಗೌಡ ಅವರ ಕಲೆಯಲ್ಲಿ ವಸ್ತುವಿನ ಹದ

ಪರಂಪರೆಯೊಡನೆ ಸಂವಾದ ನಡೆಸುವ ಕಲೆ ಎಂಬ ಮಾತು ಚಿತ್ರಪ್ರದರ್ಶನಗಳ ಆಮಂತ್ರಣ ಪತ್ರಿಕೆಗಳಲ್ಲಿ ಎಷ್ಟು ಸಲ ಅಚ್ಚಾಗಿದೆಯೆಂದರೆ, ಆ ಸಂವಾದದಲ್ಲಿ ಪರಂಪರೆಯ ಕಡೆಯಿಂದ ಮಾತನಾಡುವವರು ಯಾರು ಎಂಬ ಪ್ರಶ್ನೆಯನ್ನು ಈಗ ಯಾರೂ ಎತ್ತುವುದಿಲ್ಲ. ಸೋಮನ ಕುಣಿತದ ಮುಖ, ಯಕ್ಷಗಾನದ ಕಿರೀಟ, ತೊಗಲುಬೊಂಬೆಯ ಹೊರಗೆರೆ, ರಂಗೋಲಿಯ ಚುಕ್ಕಿ ಇವುಗಳಲ್ಲಿ ಒಂದನ್ನು ಕ್ಯಾನ್ವಾಸಿನ ಮೇಲೆ ತಂದಿಟ್ಟು, ಸುತ್ತ ಒಂದಿಷ್ಟು ಮಣ್ಣಿನ ಬಣ್ಣ ಬಳಿದರೆ ಕೃತಿ ದೇಸಿಯಾಯಿತೆಂದು ಒಪ್ಪಿಕೊಳ್ಳುವ ರೂಢಿ ಅರ್ಧ ಶತಮಾನದಿಂದ ನಡೆದು ಬಂದಿದೆ. ಇದನ್ನು ಲಾಂಛನದ ಕಲೆ ಎಂದು ಕರೆಯಬಹುದು. ಇಲ್ಲಿ ಪರಂಪರೆಯೆಂದರೆ ನೋಡಿದ ಕೂಡಲೇ ಗುರುತು ಹಿಡಿಯಬಹುದಾದ ಒಂದು ಆಕಾರ, ಅಷ್ಟೇ. ಆ ಆಕಾರವನ್ನು ಕೈಬಿಟ್ಟು, ಅದರ ಹಿಂದಿನ ವಸ್ತುವನ್ನೂ ಆ ವಸ್ತುವನ್ನು ಹದಕ್ಕೆ ತರುವ ದುಡಿಮೆಯನ್ನೂ ಕಲೆಯ ಒಳಕ್ಕೆ ತಂದವರಲ್ಲಿ ಬೆಂಗಳೂರಿನ ಶೀಲಾ ಗೌಡ ಮುಖ್ಯರು. ಹದ ಎಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಲಾಗಿದೆ: ಉಳುಮೆಗೆ ಬಂದ ನೆಲಕ್ಕೆ, ಮುದ್ದೆ ಕೂಡಿಸುವ ಹಿಟ್ಟಿಗೆ, ಪಾಕಕ್ಕೆ ಒಂದೇ ಸಮನೆ ಸಲ್ಲುವ ಈ ಪದ, ವಸ್ತು ತಾನಾಗಿ ಮಾಗುವುದಕ್ಕೂ ಕೈ ಅದನ್ನು ಮಾಗಿಸುವುದಕ್ಕೂ ನಡುವೆ ಇರುವ ಆ ಸ್ಥಿತಿಯನ್ನು ಸೂಚಿಸುತ್ತದೆ. ಈ ಕಲಾವಿದೆಯ ಕೃತಿಗಳನ್ನು ಅಳೆಯಲು ವಿಮರ್ಶೆಯ ಆಮದು ಪದಗಳಿಗಿಂತ ಇದೇ ಹೆಚ್ಚು ಒದಗಿಬರುತ್ತದೆ.

ಹದ ಎಂದರೇನೆಂದು ತಿಳಿಯಲು ತಿಪಟೂರು ಸೀಮೆಗಿಂತ ಒಳ್ಳೆಯ ನೆಲೆ ಇಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ದಾರಿಗಳು ಕೂಡುವ ಕಿಬ್ಬನಹಳ್ಳಿ ಕ್ರಾಸಿನ ಸುತ್ತಲಿನ ತೋಟದ ಮನೆಗಳಲ್ಲಿ, ಬಲಿತ ತೆಂಗಿನಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಆರಿ, ತಿರುಳು ಚಿಪ್ಪನ್ನು ಬಿಟ್ಟುಕೊಟ್ಟು, ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಗಡಗಡ ಎನ್ನುವ ಹೊತ್ತಿಗೆ ಅದು ಕೊಬ್ಬರಿಯಾಗಿರುತ್ತದೆ. ಆಮೇಲೆ ಸಿಪ್ಪೆ ಸುಲಿದು, ಉಂಡೆಗೆ ಪೆಟ್ಟಾಗದಂತೆ ಮಚ್ಚಿನಿಂದ ಚಿಪ್ಪು ಒಡೆದು ಬಿಡಿಸುವ ಕೆಲಸ ಇರುತ್ತದೆ. ಮಚ್ಚು ಒಂದು ಕೂದಲೆಳೆ ಆಳಕ್ಕೆ ಇಳಿದರೂ ಉಂಡೆ ಹೋಳಾಗಿ ಬೆಲೆ ಬಿದ್ದುಹೋಗುತ್ತದೆ. ಮಾರುಕಟ್ಟೆಯಲ್ಲಿ ಕೊಬ್ಬರಿಯ ಗಾತ್ರ, ಬಣ್ಣ, ಒಣಗು ನೋಡಿ ಬೆಲೆ ಕಟ್ಟುತ್ತಾರೆ, ಅಟ್ಟದ ಮೇಲೆ ಕಳೆದ ತಿಂಗಳುಗಳೂ ಮಚ್ಚು ಹಿಡಿದ ಕೈಯ ನಾಜೂಕೂ ಆ ಬೆಲೆಯೊಳಗೆ ಎಲ್ಲೋ ಕರಗಿಹೋಗಿರುತ್ತವೆ. ಇದೇ ಕಾಯಿ ಕಳಸದ ಮೇಲೆ ಕೂತರೆ ದೇವರು, ಗುಡಿಯ ಮುಂದೆ ಒಡೆದರೆ ಈಡುಗಾಯಿ, ಚೀಲಕ್ಕೆ ಬಿದ್ದರೆ ಸರಕು. ಪವಿತ್ರವೂ ಪೇಟೆಯೂ ಒಂದೇ ವಸ್ತುವಿನಲ್ಲಿ ತಕರಾರಿಲ್ಲದೆ ಕೂಡಿರುವ ಈ ಬಗೆ ಶೀಲಾ ಗೌಡ ಅವರ ಕೃತಿಗಳನ್ನು ಓದಲು ಇರುವ ಹತ್ತಿರದ ದಾರಿ.

1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನಗಳಲ್ಲಿ ಕಲಿತು, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ 1986ರಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ತರಬೇತಿಯಿಂದ ಅವರು ಚಿತ್ರಕಾರ್ತಿ. 1992ರ ಡಿಸೆಂಬರಿನಿಂದಾಚೆಗೆ ದೇಶದಲ್ಲಿ ನಡೆದ ಕೋಮುಹಿಂಸೆಯ ಕಾಲಕ್ಕೆ ಬಣ್ಣ ಕುಂಚಗಳು ಸಾಲವೆನಿಸಿ ಅವರು ಸಗಣಿಯನ್ನು ಕೈಗೆತ್ತಿಕೊಂಡರು. ಈ ಆಯ್ಕೆಯ ಚುರುಕು ಹಳ್ಳಿಯ ಓದುಗರಿಗೆ ತಟ್ಟನೆ ಹೊಳೆಯುತ್ತದೆ. ಹಸು ರಾಜಕೀಯದ ಲಾಂಛನವಾಗುತ್ತಿದ್ದ ದಿನಗಳಲ್ಲಿ ಕಲಾವಿದೆ ಹಸುವಿನ ಚಿತ್ರ ಬರೆಯದೆ, ಹಟ್ಟಿಯಲ್ಲಿ ಹೆಂಗಸರು ದಿನವೂ ಬಾಚಿ, ತಟ್ಟಿ, ಸಾರಿಸಿ ದುಡಿಯುವ ವಸ್ತುವನ್ನೇ ಹಿಡಿದರು. ಸಗಣಿಯ ಉಂಡೆಗೆ ಗರಿಕೆ ಸಿಕ್ಕಿಸಿದರೆ ಬೆನಕ, ಗೋಡೆಗೆ ತಟ್ಟಿದರೆ ಬೆರಣಿ, ಕಣಕ್ಕೆ ಬಳಿದರೆ ನೆಲ. ಯಾವ ಕೈಚಳಕ ಅದನ್ನು ಯಾವ ಹೊತ್ತಿಗೆ ಏನಾಗಿಸುತ್ತದೆ ಎಂಬುದರಲ್ಲೇ ಅದರ ಅರ್ಥವಿದೆ. 1996ರ ‘ಮಾರ್ಟರ್ ಲೈನ್’, ಅಂದರೆ ಗಾರೆಯ ಗೆರೆ ಎಂಬ ಕೃತಿಯಲ್ಲಿ ಸಗಣಿಯ ಇಟ್ಟಿಗೆಗಳು ನೆಲದ ಮೇಲೆ ಬಾಗಿ ಸಾಗುತ್ತವೆ, ಅವುಗಳ ಸಂದಿನಲ್ಲಿ ಕುಂಕುಮದ ಕೆಂಪು ಇದೆ. ಆ ಗೆರೆ ಇಟ್ಟಿಗೆಗಳನ್ನು ಕೂಡಿಸುವ ಗಾರೆಯೋ ನೆಲವನ್ನು ಸೀಳಿದ ಗಾಯವೋ ಎಂದು ಹೇಳಲಾಗದಂತೆ ಉಳಿಸಿರುವುದು ಕೃತಿಯ ಗೆಲುವು.

ನೆಲ, ಗೋಡೆ, ಜಾಗವನ್ನೇ ಕೃತಿಯ ಭಾಗವಾಗಿಸಿ ವಸ್ತುಗಳನ್ನು ಹೂಡುವ ಈ ಪ್ರಕಾರವನ್ನು ಕನ್ನಡದಲ್ಲಿ ಪ್ರತಿಷ್ಠಾಪನಾ ಕಲೆ ಎಂದು ಕರೆಯುವುದು ರೂಢಿಯಾಗಿದೆ. ಈ ಹೆಸರು ಕೊಟ್ಟವರು ತಿಳಿದೇ ಕೊಟ್ಟರೋ ಇಲ್ಲವೋ, ಅದರೊಳಗೆ ಒಂದು ತಮಾಷೆ ಇದೆ. ಗುಡಿಯಲ್ಲಿ ಪ್ರತಿಷ್ಠಾಪನೆಯಾದ ವಿಗ್ರಹ ಕದಲುವಂತಿಲ್ಲ, ಪ್ರದರ್ಶನದಲ್ಲಿ ಪ್ರತಿಷ್ಠಾಪನೆಯಾದ ಕೃತಿ ತಿಂಗಳೊಪ್ಪತ್ತಿನಲ್ಲಿ ಬಿಚ್ಚಿ ಪೆಟ್ಟಿಗೆ ಸೇರುತ್ತದೆ. ಆ ದೃಷ್ಟಿಯಿಂದ ಅದಕ್ಕೆ ಹತ್ತಿರದ ಸಂಬಂಧಿ ಚೌತಿಯ ಗಣಪತಿ, ಕೂರಿಸುವಾಗಲೇ ಬಿಡುವ ಯೋಚನೆ ಇರುವಂಥದ್ದು.

ಈ ಕಲಾಪ್ರಯೋಗದ ನಡುಗಂಬ 1998ರ ‘ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್’. ನನ್ನ ನೋವನ್ನೂ ಅವನಿಗೆ ಹೇಳು ಎಂದು ಅದನ್ನು ಕನ್ನಡಿಸಬಹುದು. ಸೂಜಿಯ ಕಣ್ಣಿಗೆ ದಾರ ಪೋಣಿಸಿ, ಆ ದಾರವನ್ನು ನೂರಾರು ಅಡಿ ಎಳೆದುಕೊಂಡು ಹೋಗಿ, ಅಂಥ ಅನೇಕ ದಾರಗಳನ್ನು ಒಟ್ಟಿಗೆ ಹಿಡಿದು, ಅಂಟು ಮತ್ತು ಕುಂಕುಮ ಸವರುತ್ತ ಬಂದರೆ ಬೆರಳ ಗಾತ್ರದ ಕಡುಗೆಂಪು ಹಗ್ಗವೊಂದು ಸಿದ್ಧವಾಗುತ್ತದೆ; ಅದರ ತುದಿಯಲ್ಲಿ ಅಷ್ಟೂ ಸೂಜಿಗಳು ಗೊಂಚಲಾಗಿ ತೂಗುತ್ತವೆ. ಈ ಹಗ್ಗ ಗೋಡೆಯಿಂದ ಇಳಿದು, ನೆಲದ ಮೇಲೆ ಸುರುಳಿಗೊಂಡು, ಮತ್ತೆ ಮೇಲೇರಿ, ಪ್ರತಿ ಪ್ರದರ್ಶನದ ಜಾಗಕ್ಕೆ ತಕ್ಕಂತೆ ಬೇರೆ ಬೇರೆ ದಾರಿ ಹಿಡಿಯುತ್ತದೆ. ದೂರದಿಂದ ಅದು ಗಾಳಿಯಲ್ಲಿ ಎಳೆದ ಗೆರೆ, ಅಂದರೆ ಇನ್ನೂ ಚಿತ್ರವೇ. ಹತ್ತಿರ ಹೋದರೆ ಕರುಳು, ಹೊಕ್ಕುಳಬಳ್ಳಿ, ರಕ್ತದ ಧಾರೆ ಎಲ್ಲವೂ ನೆನಪಾಗುತ್ತವೆ. ಇನ್ನೂ ಹತ್ತಿರ ಹೋದಾಗ ಸೂಜಿಗಳ ಮೊನೆ ಕಣ್ಣಿಗೆ ಬಿದ್ದು, ಇಷ್ಟು ಉದ್ದದ ದಾರವನ್ನು ಇಷ್ಟು ಸಣ್ಣ ಕಣ್ಣಿನಿಂದ ಹಾಯಿಸಲು ಎಷ್ಟು ಹೊತ್ತು ಬೇಕಾಯಿತು ಎಂಬ ಲೆಕ್ಕ ಮನಸ್ಸಿನಲ್ಲಿ ತಾನಾಗಿ ಶುರುವಾಗುತ್ತದೆ. ನೋವನ್ನು ಹೇಳುವುದು ಈ ಲೆಕ್ಕವೇ. ಹೆಣ್ಣಿನ ಬದುಕನ್ನು ಕುರಿತ ಕಲೆ ಅಳುವ ಮುಖವನ್ನು ತೋರಿಸುವ ಅಭ್ಯಾಸಕ್ಕೆ ಬಿದ್ದಿದ್ದಾಗ, ಈ ಕೃತಿ ಒಂದೂ ಮುಖವಿಲ್ಲದೆ ತಾಸುಗಟ್ಟಲೆಯ ಕೆಲಸವನ್ನು ಮುಂದಿಟ್ಟಿತು.

ತೆಂಗಿನ ಸೀಮೆಯ ಕಣ್ಣಿಗೆ ಇದರಲ್ಲಿ ಇನ್ನೊಂದು ಅಂಶ ಕಾಣುತ್ತದೆ, ಅದನ್ನು ಪಶ್ಚಿಮದ ವಿಮರ್ಶೆ ಅಷ್ಟಾಗಿ ಗಮನಿಸಿದಂತಿಲ್ಲ. ಇಲ್ಲಿ ಒಣಸಿಪ್ಪೆಯ ಕಂದು ನಾರನ್ನು ರಾಟೆಗೆ ಕೊಟ್ಟು ಎಳೆ ತೆಗೆದು, ಎರಡು ಎಳೆಗಳನ್ನು ಎದುರು ದಿಕ್ಕಿಗೆ ತಿರುಚಿ ಹೊಸೆದಾಗ ಹುರಿ ಬೀಳುತ್ತದೆ. ಬಿಚ್ಚಿಕೊಳ್ಳಲು ಹವಣಿಸುವ ಒಂದು ಎಳೆಯನ್ನು ಇನ್ನೊಂದು ಎಳೆ ತಡೆದು ನಿಲ್ಲಿಸುವುದರಿಂದಲೇ ಹಗ್ಗಕ್ಕೆ ಬಲ. ಶೀಲಾ ಗೌಡ ಅವರ ಹಗ್ಗಕ್ಕೆ ಹುರಿಯಿಲ್ಲ. ಅಲ್ಲಿ ದಾರಗಳು ಒಂದರ ಪಕ್ಕ ಒಂದು ಮಲಗಿ, ಅಂಟಿನಿಂದಲೂ ಕುಂಕುಮದಿಂದಲೂ ಕೂಡಿಕೊಂಡಿವೆ. ಬಾವಿಯಿಂದ ನೀರು ಸೇದಲು, ಕರು ಕಟ್ಟಲು, ಗಾಡಿಗೆ ಹೊರೆ ಬಿಗಿಯಲು ಅದು ಬಾರದು. ತನ್ನ ಭಾರವನ್ನಷ್ಟೇ ತಾನು ಹೊರಬಲ್ಲದು. ಇದೇನು ಕಟ್ಟುತ್ತದೆ ಎಂದು ಹಗ್ಗ ಹೊಸೆಯುವ ಹೆಣ್ಣುಮಗಳೊಬ್ಬಳು ಕೇಳಿದರೆ ಏನನ್ನೂ ಕಟ್ಟುವುದಿಲ್ಲ ಎಂದೇ ಉತ್ತರಿಸಬೇಕಾಗುತ್ತದೆ, ಕೃತಿಯ ಮರ್ಮ ಆ ಉತ್ತರದಲ್ಲಿಯೇ ಇದೆ. ಮುತ್ತೈದೆತನದ ಕುಂಕುಮವನ್ನು ಅಂಟಾಗಿಸಿ ಕೂಡಿಸಿದ ದುಡಿಮೆ ಎಷ್ಟು ಉದ್ದವಾದರೂ ಅದಕ್ಕೆ ಬಲ ಬಂದಿಲ್ಲ ಎಂಬುದನ್ನು ಒಂದು ಕೈಕಸುಬಿನ ಕೊರತೆಯ ಮೂಲಕ ಹೇಳಿರುವುದು ಅಪರೂಪದ ಕಲಾಬುದ್ಧಿ.

2009ರ ವೆನಿಸ್ ದ್ವೈವಾರ್ಷಿಕ ಪ್ರದರ್ಶನಕ್ಕೆಂದು ಮಾಡಿದ ‘ಬಿಹೋಲ್ಡ್’ ಇದೇ ಯೋಚನೆಯನ್ನು ಬೀದಿಗೆ ಒಯ್ಯುತ್ತದೆ. ಹರಕೆ ಹೊತ್ತವರು ಗುಡಿಗಳಲ್ಲಿ ಮುಡಿ ಕೊಟ್ಟ ಕೂದಲಿನಲ್ಲಿ ಉದ್ದನೆಯದು ವಿಗ್ಗಿನ ವ್ಯಾಪಾರಕ್ಕೆ ಹೋಗುತ್ತದೆ, ಉಳಿದ ಗಿಡ್ಡ ಕೂದಲು ಹಗ್ಗವಾಗಿ, ದೃಷ್ಟಿ ತಾಗದಿರಲೆಂದು ವಾಹನಗಳ ಬಂಪರಿಗೆ ಕಟ್ಟಿಕೊಳ್ಳಲು ಬಿಕರಿಯಾಗುತ್ತದೆ. ಅಂಥ ಹಗ್ಗವನ್ನು ಸುಮಾರು 4 ಕಿಲೋಮೀಟರಿನಷ್ಟು ಉದ್ದಕ್ಕೆ ಕೂಡಿಸಿ, ಅದರಿಂದ ಕಾರಿನ ಹೊಳೆಯುವ ಉಕ್ಕಿನ ಬಂಪರುಗಳನ್ನು ತೂಗುಹಾಕಲಾಗಿದೆ. ರಸ್ತೆಯಲ್ಲಿ ಬಂಪರು ಹಗ್ಗವನ್ನು ಹೊತ್ತರೆ ಇಲ್ಲಿ ಹಗ್ಗವೇ ಬಂಪರನ್ನು ಹೊರುತ್ತದೆ. ಈ ತಿರುವುಮುರುವು ಒಂದು ಜಾಣತನವಾಗಿಯಷ್ಟೇ ಉಳಿಯದಿರಲು ಕಾರಣ, ಕೂದಲು ಗುಡಿಯಿಂದ ಪೇಟೆಗೆ, ಪೇಟೆಯಿಂದ ಗ್ಯಾರೇಜಿಗೆ ಸಾಗುವ ದಾರಿಯಲ್ಲಿ ಎಲ್ಲಿಯೂ ತನ್ನ ಹರಕೆಯ ಗುಣವನ್ನು ಪೂರ್ತಿ ಕಳೆದುಕೊಳ್ಳುವುದಿಲ್ಲ ಎಂಬ ಅರಿವು. ಅಟ್ಟದ ಕಾಯಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2006ರ ‘ಡಾರ್ಕ್‌ರೂಮ್’, ರಸ್ತೆ ಕೂಲಿಗಳು ಖಾಲಿ ಡಾಂಬರು ಡ್ರಮ್ಮುಗಳನ್ನು ಬಿಡಿಸಿ ಕಟ್ಟಿಕೊಳ್ಳುವ ಗೂಡನ್ನು ಅನುಸರಿಸಿದ ಕೃತಿ. ಬಗ್ಗಿ ಒಳಹೊಕ್ಕವರಿಗೆ ಚಾವಣಿಯ ಸಣ್ಣ ತೂತುಗಳು ನಕ್ಷತ್ರಗಳಾಗಿ ಕಾಣುತ್ತವೆ. ಬಡತನದ ಮೇಲೆ ನಕ್ಷತ್ರ ಚೆಲ್ಲುವುದು ಅಪಾಯದ ಆಟವೇ, ಆದರೂ ಡಾಂಬರಿನ ಕಪ್ಪು ಮೈ ಆ ಚೆಲುವನ್ನು ಅತಿಗೆ ಹೋಗಗೊಡುವುದಿಲ್ಲ. 2008ರ ‘ಕಾಗೆಬಂಗಾರ’ದಲ್ಲಿ ಡ್ರಮ್ಮಿನ ತಗಡಿನೊಂದಿಗೆ ಅಭ್ರಕವೂ ಟಾರ್ಪಾಲೂ ಸೇರಿವೆ, ಹೊರದೇಶದ ಗೋಡೆಗಳ ಮೇಲೂ ಕೃತಿಯ ಹೆಸರು ಕನ್ನಡವಾಗಿಯೇ ಉಳಿದದ್ದು ಗಮನಿಸತಕ್ಕ ಸಂಗತಿ. 2011ರ ‘ಆಫ್ ಆಲ್ ಪೀಪಲ್’ ಅಷ್ಟು ಗಟ್ಟಿಯಲ್ಲ. ಹರಕೆಗೆ ಒಪ್ಪಿಸುವ ಮರದ ಚಿಕ್ಕ ಗೊಂಬೆಗಳನ್ನು ಸಾವಿರಗಟ್ಟಲೆ ಹರಡಿರುವ ಅದರಲ್ಲಿ, ಸಂಖ್ಯೆ ಹೆಚ್ಚಿದಂತೆ ಒಂದೊಂದು ಗೊಂಬೆಯ ಹಿಂದಿನ ಕಾಯಿಲೆ, ಸಾಲ, ಮಕ್ಕಳಿಲ್ಲದ ಕೊರಗು ಹಗುರವಾಗುತ್ತ ಹೋಗಿ ನೋಟದ ಸೊಗಸೊಂದೇ ಮೇಲಾಗುತ್ತದೆ.

ಪರಂಪರೆಯ ಶೋಧಕ್ಕೆ ವಸ್ತುವೊಂದೇ ದಾರಿಯೆಂದು ಹೇಳಿದರೆ ಕಲಾವಿದೆ ಎನ್. ಪುಷ್ಪಮಾಲಾ ಅವರಿಗೆ ಅನ್ಯಾಯವಾಗುತ್ತದೆ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ರಿಂದ 2004ರವರೆಗೆ ಮಾಡಿದ ದಕ್ಷಿಣ ಭಾರತದ ದೇಸಿ ಹೆಂಗಸರನ್ನು ಕುರಿತ ಛಾಯಾಚಿತ್ರ ಸರಣಿಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗಿ, ಬಿಜಾಪುರದ ಚಿಕಣಿ ಚಿತ್ರದ ಯೋಗಿನಿಯಾಗಿ, ವಸಾಹತು ಕಾಲದ ಅಧಿಕಾರಿಗಳು ಅಳತೆಪಟ್ಟಿಯ ಮುಂದೆ ನಿಲ್ಲಿಸಿ ತೆಗೆದ ಬುಡಕಟ್ಟಿನ ಹೆಣ್ಣಾಗಿ ತಾವೇ ವೇಷ ಕಟ್ಟಿ ನಿಂತಿದ್ದಾರೆ. ಇಲ್ಲಿ ಲಾಂಛನವೇ ಕಚ್ಚಾವಸ್ತು. ಪರದೆಯ ಸುಕ್ಕು, ಬಣ್ಣದ ದಪ್ಪ, ಒಡವೆಯ ಬೇಗಡೆ ಎಲ್ಲವನ್ನೂ ಮುಚ್ಚದೆ ತೋರಿಸುವುದರಿಂದ, ಸನಾತನವೆಂದು ನಂಬಿದ ಚಿತ್ರ ಯಾರೋ ಒಂದು ದಿನ ಒಂದು ಸ್ಟುಡಿಯೋದಲ್ಲಿ ಹೂಡಿದ್ದು ಎಂಬ ಗುಟ್ಟು ಬಯಲಾಗುತ್ತದೆ. ಕಿಬ್ಬನಹಳ್ಳಿಯಿಂದ ಬೆಂಗಳೂರಿನ ದಾರಿಯಲ್ಲೇ ಸಿಗುವ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯ ಬಣ್ಣದ ಪರದೆಗಳ ನೆನಪಿರುವ ಜನಕ್ಕೆ ಈ ಗುಟ್ಟು ಹೊಸದಲ್ಲ. ಅರಮನೆ ಬಟ್ಟೆಯದೆಂದು ತಿಳಿದೇ ಅವರು ರಾಜನ ದುಃಖಕ್ಕೆ ಅತ್ತವರು. ಪುಷ್ಪಮಾಲಾ ಅವರ ನಗು ಆ ಅಳುವಿನ ಅರ್ಧವನ್ನಷ್ಟೇ ಮುಟ್ಟುತ್ತದೆ. ಕಟ್ಟಿದ್ದು ಎಂದು ಗೊತ್ತಿದ್ದೂ ನಂಬುವ ಮನಸ್ಸನ್ನು ಮುಟ್ಟುವಲ್ಲಿ ಶೀಲಾ ಗೌಡ ಇನ್ನೊಂದು ಹೆಜ್ಜೆ ಮುಂದಿದ್ದಾರೆ.

ಆದರೂ ಈ ಕಲೆಯ ಕುರಿತು ಎರಡು ತಕರಾರುಗಳು ಉಳಿಯುತ್ತವೆ. ವಸ್ತುವಿನ ಹದವನ್ನೇ ನೆಚ್ಚಿದ ಕೃತಿ ಆ ಹದವನ್ನು ಬಲ್ಲವರಿಂದ ದೂರ ಹೋದಷ್ಟೂ ವಿವರಣೆಯ ಫಲಕವನ್ನು ಅವಲಂಬಿಸಬೇಕಾಗುತ್ತದೆ. ಕೂದಲು ಮುಡಿಯದೆಂದೂ ಕೆಂಪು ಕುಂಕುಮದ್ದೆಂದೂ ಓದಿ ತಿಳಿದ ನೋಡುಗನಿಗೆ ವಸ್ತು ಮತ್ತೆ ಲಾಂಛನವಾಗಿಯೇ ಒದಗುವ ಸಾಧ್ಯತೆ ಇದೆ, ಯಾವುದನ್ನು ಬಿಟ್ಟು ಬಂದಿತ್ತೋ ಅಲ್ಲಿಗೇ ಕೃತಿ ಮರಳುತ್ತದೆ. ಎರಡನೆಯದು ಸಂರಕ್ಷಣೆಯ ಮಾತು. ಸೋಮನ ಮುಖದ ಬಣ್ಣ ಮಾಸಿದರೆ ಊರಿನವರು ಮತ್ತೆ ಬಣ್ಣ ಹಚ್ಚಿ ಗ್ರಾಮದೇವತೆಯ ಮುಂದೆ ಕುಣಿಸುತ್ತಾರೆ, ನೆಲದ ಸಗಣಿ ಒಡೆದರೆ ಮತ್ತೆ ಸಾರಿಸುತ್ತಾರೆ. ಮತ್ತೆ ಮಾಡುವುದರಲ್ಲಿಯೇ ಈ ವಸ್ತುಗಳ ಬಾಳಿಕೆ ಇದೆ. ವಸ್ತುಸಂಗ್ರಹಾಲಯ ಅದೇ ವಸ್ತುವನ್ನು ಇದ್ದಂತೆಯೇ ಉಳಿಸಲು ಹೆಣಗುತ್ತದೆ. 2007ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಕಲಾಪ್ರದರ್ಶನದಲ್ಲಿ ತೋರಿಸಿದ ‘ಕೊಲ್ಯಾಟರಲ್’ ಮಾತ್ರ ಈ ಇಕ್ಕಟ್ಟಿನಿಂದ ಪಾರಾಗಿದೆ, ಏಕೆಂದರೆ ಚೌಕಟ್ಟಿನ ಜಾಲರಿಗಳ ಮೇಲೆ ಊದುಬತ್ತಿಯ ಹಿಟ್ಟನ್ನು ಹರಡಿ ಉರಿಸಿದ ಮೇಲೆ ಅಲ್ಲಿ ಉಳಿದದ್ದು ಬೂದಿ. ಯುದ್ಧದಲ್ಲಿ ನೆಲಸಮವಾದ ಊರನ್ನು ಮೇಲಿನಿಂದ ನೋಡಿದಂತಿದ್ದ ಆ ಬೂದಿಯನ್ನು ಯಾರೂ ಜೋಪಾನ ಮಾಡಿ ಇಡಲಾರರು.

‘ಬಿಹೋಲ್ಡ್’ ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದ ಸಂಗ್ರಹದಲ್ಲಿದೆ. ಅದನ್ನು ತರಿಸುವುದು ದೂರದ ಮಾತಾದರೂ, ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಮತ್ತು ಕರ್ನಾಟಕ ಲಲಿತಕಲಾ ಅಕಾಡೆಮಿಗಳು ಕೂಡಿ ಮನಸ್ಸು ಮಾಡಿದರೆ, ಇಂಥ ಒಂದು ಕೃತಿಯನ್ನು ತಿಪಟೂರಿನ ಕೊಬ್ಬರಿ ಗೋದಾಮೊಂದರಲ್ಲಿ ಒಂದು ತಿಂಗಳ ಮಟ್ಟಿಗೆ ಹೂಡುವುದು ಕಷ್ಟವೇನಲ್ಲ. ಸಂತೆಗೂ ಮಾರುಕಟ್ಟೆಗೂ ಬಂದವರು ಚೀಲ ಇಳಿಸಿ ಒಳಗೆ ಬಂದು ನೋಡಿ ಹೋಗಲಿ. ಫಲಕ ಬೇಕಾದರೆ ಕನ್ನಡದಲ್ಲಿರಲಿ, ಎರಡು ಸಾಲು ಸಾಕು.