ಸಾಮಾಜಿಕ ಬಂಡವಾಳದ ಪರಿಕಲ್ಪನೆ ಮತ್ತು ಹೊಯ್ಸಳ ನಾಡಿನ ಗ್ರಾಮೀಣ ಪ್ರವಾಸೋದ್ಯಮ

ಅಭಿವೃದ್ಧಿ ಅಧ್ಯಯನಗಳಲ್ಲಿ ‘ಸಾಮಾಜಿಕ ಬಂಡವಾಳ’ ಎಂಬ ಪರಿಕಲ್ಪನೆಯು, ರಾಬರ್ಟ್ ಪಟ್ನಮ್ ಇಟಲಿಯ ಪ್ರಾದೇಶಿಕ ಸರ್ಕಾರಗಳನ್ನು ಕುರಿತು 1993ರಲ್ಲಿ ಪ್ರಕಟಿಸಿದ ಗ್ರಂಥದ ತರುವಾಯ ವ್ಯಾಪಕವಾಗಿ ಬಳಕೆಗೆ ಬಂದಿತು. ಪರಸ್ಪರ ನಂಬಿಕೆ, ಕೊಡುಕೊಳೆ, ಸಂಘಜೀವನಗಳು ಬಲವಾಗಿರುವೆಡೆ ಆಡಳಿತವೂ ಆರ್ಥಿಕತೆಯೂ ಚೆನ್ನಾಗಿ ನಡೆಯುತ್ತವೆ ಎಂಬುದು ಅದರ ತಿರುಳು. ಗ್ರಾಮೀಣ ಪ್ರವಾಸೋದ್ಯಮಕ್ಕೆ ಇದನ್ನು ಅನ್ವಯಿಸುವಾಗ ಊರಿನಲ್ಲಿ ಎಷ್ಟು ಸ್ವಸಹಾಯ ಸಂಘಗಳಿವೆ, ಎಷ್ಟು ಸಮಿತಿಗಳಿವೆ ಎಂದು ಎಣಿಸುವುದು ಸುಲಭದ ದಾರಿ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಮಟ್ಟಿಗೆ ಈ ಎಣಿಕೆಯಿಂದ ತಿಳಿಯುವುದು ಅತ್ಯಲ್ಪ. ಇಲ್ಲಿನ ಜನರಲ್ಲಿ ಕೂಡಿ ನಡೆಯುವ ರೂಢಿ ಹಳೆಯದು. ಸ್ಮಾರಕಗಳನ್ನು ಕುರಿತ ತೀರ್ಮಾನಗಳಲ್ಲಿ ಮಾತ್ರ ಅವರ ಪಾಲು ತೀರ ಕಡಿಮೆ.

ಈ ರೂಢಿಯ ಪ್ರಾಚೀನತೆಗೆ ಶಾಸನಾಧಾರವಿದೆ. ಕಲಚುರಿಗಳಲ್ಲಿ ಮಂತ್ರಿಯಾಗಿದ್ದ ರೇಚಣನು ಇಮ್ಮಡಿ ವೀರಬಲ್ಲಾಳನ ಆಶ್ರಯಕ್ಕೆ ಬಂದು, ಸುಮಾರು 1220ರಲ್ಲಿ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ಮಾಡಿಸಿದನು. ಆ ಜಿನಾಲಯದ ಬೆನ್ನಿಗೆ ಊರಿನ ಸಾವಿರ ಕುಟುಂಬಗಳು ನಿಂತದ್ದನ್ನು ಶಾಸನವು ದಾಖಲಿಸುತ್ತದೆ. ಹೊಯ್ಸಳ ದೇವಾಲಯಗಳನ್ನು ಕೇವಲ ಅರಸರ ಔದಾರ್ಯದ ಫಲವೆಂದು ಪ್ರವಾಸಿಗರಿಗೆ ವಿವರಿಸುವವರು ಇದನ್ನು ಮರೆಯಬಾರದು.

ಪಟ್ನಮ್ ಒಂದೇ ಗುಂಪಿನವರನ್ನು ಬೆಸೆಯುವ ಸಂಬಂಧ ಹಾಗೂ ಭಿನ್ನ ಗುಂಪುಗಳ ನಡುವೆ ಸೇತುವಾಗುವ ಸಂಬಂಧ ಎಂಬ ಎರಡು ಬಗೆಗಳನ್ನು ಗುರುತಿಸಿದ್ದಾರೆ. ಎರಡನೆಯದಕ್ಕೆ ಬೇಲೂರಿನ ಚೆನ್ನಕೇಶವಸ್ವಾಮಿಯ ರಥೋತ್ಸವಕ್ಕಿಂತ ಉತ್ತಮ ನಿದರ್ಶನ ಅಪರೂಪ. ತೇರು ಹೊರಡುವ ಮುನ್ನ ಕುರಾನಿನ ಭಾಗವನ್ನು ಪಠಿಸುವ ಪದ್ಧತಿ ಅಲ್ಲಿ ಬಹುಕಾಲದಿಂದ ನಡೆದುಬಂದಿತು. 2022ರಲ್ಲಿ ಆಕ್ಷೇಪಗಳು ಎದ್ದಾಗಲೂ ಪಠಣ ನಡೆಯಿತು. 2023ರಲ್ಲಿ ವಿರೋಧ ಮತ್ತೆ ತಲೆದೋರಿತು. ಸಂಘಗಳ ಸಂಖ್ಯೆ ಏರುತ್ತಿರುವಾಗಲೇ ಇಂಥ ಸಂಬಂಧವೊಂದು ಸಡಿಲಗೊಳ್ಳಬಹುದು. ಯಾವ ಪ್ರಶ್ನಾವಳಿಯೂ ಆ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲಾರದು.

ಹಳೇಬೀಡಿನ ಸಮಸ್ಯೆ ಬೇರೆ ಬಗೆಯದು. ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ನಿಷಿದ್ಧ ವಲಯದಲ್ಲಿ ಮನೆಯ ದುರಸ್ತಿಗೂ ಅನುಮತಿ ಬೇಕು. ಶಿಲ್ಪಗಳ ಉಳಿವಿಗೆ ಇಂಥ ಕಟ್ಟುಪಾಡು ಅಗತ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗುಡಿಯ ಮಗ್ಗುಲಲ್ಲಿ ವಾಸಿಸುವ ಕುಟುಂಬವೊಂದು ಪ್ರವಾಸಿಗರಿಗೆಂದು ಒಂದು ಕೋಣೆ ಕಟ್ಟಲು ಬಯಸಿದರೆ, ನೆರೆಹೊರೆಯವರ ಸಹಕಾರ ಎಷ್ಟಿದ್ದರೂ ಫಲವಿಲ್ಲ. ಬೆಂಗಳೂರು, ಮೈಸೂರುಗಳಿಂದ ಒಂದೇ ದಿನದಲ್ಲಿ ಬಂದುಹೋಗುವ ವಾಹನಗಳು ಊಟ, ವಸತಿಗಳ ವರಮಾನವನ್ನು ಬಹುಪಾಲು ಹೊರಗೇ ಉಳಿಸುತ್ತವೆ. ಸಾಮಾಜಿಕ ಸಂಬಂಧಗಳಿಂದ ದೊರೆಯುವ ಲಾಭ ಎಲ್ಲರಿಗೂ ಸಮನಾಗಿರುವುದಿಲ್ಲವೆಂದು ಪಿಯರ್ ಬೋರ್ಡಿಯು ತೋರಿಸಿದ್ದು ಇಲ್ಲಿ ಹೆಚ್ಚು ಉಪಯುಕ್ತ: ಹೋಟೆಲು ನಡೆಸುವವನ ಪರಿಚಯ ಬಲಕ್ಕೂ ಬಿಸಿಲಿನಲ್ಲಿ ಎಳನೀರು ಮಾರುವವಳ ಪರಿಚಯ ಬಲಕ್ಕೂ ಹೋಲಿಕೆಯಿಲ್ಲ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹದಿನಾರು ಕೋನಗಳ ನಕ್ಷತ್ರಾಕಾರದ ತೆರೆದ ಮಂಟಪವುಳ್ಳ ಅರಸೀಕೆರೆಯ ಈಶ್ವರ ದೇವಾಲಯವು ಆ ಪಟ್ಟಿಯಲ್ಲಿಲ್ಲ. ಬೆಂಗಳೂರು-ಹುಬ್ಬಳ್ಳಿ ಮಾರ್ಗಕ್ಕೆ ಹಾಸನದ ಕವಲು ಕೂಡುವ ಈ ಜಂಕ್ಷನ್‌ನಲ್ಲಿ ಪ್ರಯಾಣಿಕರು ಗಾಡಿ ಬದಲಿಸುತ್ತಾರೆ. ಅವರಲ್ಲಿ ಊರೊಳಗಿನ ಮಂಟಪದವರೆಗೆ ನಡೆದು ಬರುವವರು ವಿರಳ.