ಐದು ಪಿನ್ನಿನ ಜಾಣತನ

ಹಳೆಯ ಸಿಂಥಸೈಜರ್ ಇಟ್ಟುಕೊಂಡವರು ಅದರ ಬೆನ್ನಿಗಿರುವ ದುಂಡನೆಯ ಮಿಡಿ ಸಾಕೆಟ್ಟನ್ನು ಒಮ್ಮೆ ಬಗ್ಗಿ ನೋಡಬೇಕು. ತೂತು ಐದು, ಕೆಲಸಕ್ಕೆ ಬರುವುದು ಮೂರೇ. ಆ ಕೇಬಲಿನಲ್ಲಿ ನಾದ ಹರಿಯುವುದಿಲ್ಲ, ಬರೀ ಅಪ್ಪಣೆ ಹರಿಯುತ್ತದೆ: ಯಾವ ಕೀಲಿ, ಎಷ್ಟು ಜೋರು, ಯಾವಾಗ ಬಿಡಬೇಕು. ಒಂದು ಸ್ವರಕ್ಕೆ ಮೂರು ಬೈಟ್. ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಅದು ಸಾಗಲು ಒಂದು ಮಿಲಿಸೆಕೆಂಡೂ ಬೇಡ.

ನನಗೆ ತೀರಾ ಇಷ್ಟವಾದದ್ದು ಮಿಡಿ ಇನ್ ಸಾಕೆಟ್ಟಿನ ಹಿಂದೆ ಕೂತ ಆಪ್ಟೋಐಸೊಲೇಟರ್. ಬಂದ ಕರೆಂಟು ಅಲ್ಲೇ ಪುಟ್ಟ ಎಲ್‌ಇಡಿಯೊಂದನ್ನು ಮಿನುಗಿಸಿ ಹಿಂದಿರುಗುತ್ತದೆ. ಎದುರಿಗಿರುವ ಸೆನ್ಸರ್ ಆ ಮಿನುಗನ್ನು ಓದಿಕೊಳ್ಳುತ್ತದೆ. ಎರಡು ಯಂತ್ರಗಳ ನಡುವೆ ದಾಟುವುದು ಬೆಳಕು ಮಾತ್ರ! ಹಾಗಾಗಿ ಕಂಪ್ಯೂಟರಿನ ಗುಂಯ್ ಸದ್ದು ಈ ದಾರಿಯಲ್ಲಿ ನುಸುಳಲಾರದು. (ಆಡಿಯೊ ಕೇಬಲ್ ಹೊತ್ತು ತರುವ ಗುಂಯ್ ಬೇರೆ ಕತೆ.)

1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ವಾದ್ಯಮೇಳದಲ್ಲಿ ಸೀಕ್ವೆನ್ಷಿಯಲ್ ಸರ್ಕಿಟ್ಸ್‌ನ ಪ್ರಾಫೆಟ್-600, ಪೈಪೋಟಿಯ ರೋಲೆಂಡ್ ಕಂಪನಿಯ ಜುಪಿಟರ್-6 ಜೊತೆ ಹೀಗೆ ಮಾತಾಡಿತು. ಮಿಡಿಯ ಹಿಂದಿದ್ದ ಡೇವ್ ಸ್ಮಿತ್, ಇಕುತಾರೊ ಕಾಕೆಹಾಶಿ ಇಬ್ಬರಿಗೂ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಸಂದಿತು.

ಆ ಕಾಲದ ವಾದ್ಯವನ್ನು ಇವತ್ತಿನ ಲ್ಯಾಪ್‌ಟಾಪಿಗೆ ಜೋಡಿಸಲು ಚಿಕ್ಕದೊಂದು ಯುಎಸ್‌ಬಿ ಇಂಟರ್‌ಫೇಸ್ ಸಾಕು. ಇಂಟರ್‌ಫೇಸಿನ ಔಟ್, ಸಿಂಥಿನ ಇನ್‌ಗೆ ಹೋಗಬೇಕು, ಅಷ್ಟು ನೆನಪಿಟ್ಟುಕೊಳ್ಳಿ.